ಗೋಲಿ ಹಾರಿಸುವ ಅನಿಮೆಗಳು: ಯಾವುದರಿಂದ ಶುರು ಮಾಡೋದು?

ಓದುಗರೊಬ್ಬರು ಬರೆದಿದ್ದರು: "ಮಗನಿಗೆ ಬೇಬ್ಲೇಡ್ ಹುಚ್ಚು ಹಿಡಿದು ಎರಡು ವರ್ಷ ಆಯ್ತು. ಈಗ ಯಾರೋ ಬೀಡಾಮನ್ ಅಂತ ತಲೆಗೆ ತುಂಬಿದ್ದಾರೆ. ಹುಡುಕಿದರೆ ಐದಾರು ಹೆಸರು ಬರ್ತಿದೆ. ಯಾವುದು ಮೊದಲು, ಯಾವುದು ಆಮೇಲೆ?" ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಲ್ಲಿ ಇನ್ನೂ ಕೆಲವರು ಕೇಳಿದ್ದಾರೆ. ಕೇಳಿದವರಲ್ಲಿ ಎಲ್ಲರೂ ಅಪ್ಪ ಅಮ್ಮಂದಿರಲ್ಲ. ಮೂವತ್ತು ದಾಟಿದವರು ತಮಗೇ ನೋಡೋಕೆ ಕೇಳುತ್ತಾ, "ಮಗನಿಗೆ" ಅಂತ ಸೇರಿಸಿರುವುದೂ ಉಂಟು. ಅದರಲ್ಲಿ ನಾಚಿಕೆ ಏನಿದೆ.

ಬೀಡಾಮನ್ ಅನ್ನುವುದು ಗೋಲಿ ಹಾರಿಸುವ ಜಪಾನಿ ಆಟಿಕೆ. ಅದರ ಮೇಲೆ ಹಲವು ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿಗಳು ಬಂದಿವೆ. ಮೊದಲ ಸಮಾಧಾನದ ವಿಷಯ: ಇವನ್ನು ಇಂಥದ್ದೇ ಕ್ರಮದಲ್ಲಿ ನೋಡಬೇಕು ಅಂತೇನಿಲ್ಲ. ಪ್ರತಿ ಸರಣಿಗೂ ಬೇರೆ ಊರು, ಬೇರೆ ಹುಡುಗ, ಬೇರೆ ಕಥೆ. ಕೆಲವು ಕಡೆ ಮಾತ್ರ ಮುಂದುವರಿದ ಭಾಗ ಅಂತ ಇದೆ, ಬೇಕಾದದ್ದನ್ನು ಅಲ್ಲಲ್ಲೇ ಹೇಳುತ್ತೇನೆ. ಹಾಗಾಗಿ ಯೋಚಿಸಬೇಕಾದದ್ದು ನಿಮ್ಮ ಮನೆಗೆ ಯಾವುದು ಹೊಂದುತ್ತದೆ ಅನ್ನುವುದನ್ನು.

ಆಟಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ

ಬೀಡಾಮನ್ ಅಂದರೆ ಬೀಡಾ ಕಟ್ಟುವವನಲ್ಲ. ಜಪಾನಿನಲ್ಲಿ ಗಾಜಿನ ಗೋಲಿಗೆ "ಬೀದಮಾ" ಅನ್ನುತ್ತಾರೆ. "ದಮಾ" ಅಂದರೆ ಗುಂಡು. ಗಾಜಿಗೆ ಅಲ್ಲಿ ಹಿಂದೆ "ಬೀದೊರೊ" ಎನ್ನುತ್ತಿದ್ದರು, ಪೋರ್ಚುಗೀಸರಿಂದ ಬಂದ ಪದ. "ಬೀ" ಬಂದಿದ್ದು ಅಲ್ಲಿಂದ ಅನ್ನುತ್ತವೆ ನಿಘಂಟುಗಳು. ಜನ ಹೇಳುವ ಕಥೆ ಬೇರೆ. ರಾಮುನೆ ಅನ್ನುವ ಸೋಡಾ ಬಾಟಲಿಯ ಬಾಯಿಗೆ ಸರಿಯಾಗಿ ಕೂರುವ ಗುಂಡು "ಎ", ಸೊಟ್ಟಗಾಗಿ ಮಕ್ಕಳ ಪಾಲಾದದ್ದು "ಬಿ" ಅಂತೆ. ಕಥೆ ನಿಜವೋ ಅಲ್ಲವೋ, ರಾಮುನೆ ಬಾಟಲಿ ನೋಡಿದ ಕೂಡಲೇ ನಮಗೆ ಗೋಲಿ ಸೋಡಾ ನೆನಪಾಗುತ್ತದೆ. ಎರಡೂ ಒಂದೇ ವಂಶ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1870ರ ದಶಕದಲ್ಲಿ ಮಾಡಿದ ಬಾಟಲಿ ಅದು.

ಆಟಿಕೆ ಬಂದದ್ದು 1993ರಲ್ಲಿ, ಟಕಾರಾ ಕಂಪನಿಯಿಂದ. ಆಗ ಅದಕ್ಕೆ ಹಡ್ಸನ್ ಕಂಪನಿಯ ಬಾಂಬರ್‌ಮನ್ ವಿಡಿಯೋ ಗೇಮಿನ ಗೊಂಬೆಯ ರೂಪ ಇತ್ತು. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಮನುಷ್ಯ. ಗೋಲಿ ಹೊಟ್ಟೆಯಲ್ಲಿ ಕೂರುತ್ತದೆ. ಎರಡು ಸಣ್ಣ ಪ್ಲಾಸ್ಟಿಕ್ ಬೆರಳು ಅದನ್ನು ಎರಡೂ ಬದಿಯಿಂದ ಕಚ್ಚಿ ಹಿಡಿದಿರುತ್ತವೆ. ಬೆನ್ನ ಹಿಂದಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಗೋಲಿ ಆ ಬೆರಳುಗಳ ಮಧ್ಯೆ ನುಸುಳಿ, ಬಿಗಿ ತಪ್ಪಿದ ಗಳಿಗೆಯಲ್ಲಿ ಚಿಮ್ಮುತ್ತದೆ. ಹಲಸಿನ ಹಣ್ಣಿನ ಬೀಜವನ್ನು ಎರಡು ಬೆರಳಲ್ಲಿ ಒತ್ತಿ ಹಾರಿಸಿದ್ದೀರಲ್ಲ, ಹಾಗೇ. ಇದರಲ್ಲಿ ಆಡುವವರು ಒಂದು ಉಪಾಯ ಕಂಡುಕೊಂಡರು. ಗುಂಡಿ ಒತ್ತುವಾಗ ಉಳಿದ ಬೆರಳಿಂದ ಗೊಂಬೆಯ ಪಕ್ಕೆಗಳನ್ನೂ ಅದುಮಿದರೆ ಕಚ್ಚು ಬಿಗಿಯಾಗುತ್ತದೆ, ಹೊಡೆತ ಜೋರಾಗುತ್ತದೆ. ಜಪಾನಿಯಲ್ಲಿ ಅದಕ್ಕೆ "ಶಿಮೆಉಚಿ", ಬಿಗಿಹಿಡಿದು ಹೊಡೆಯುವುದು. ನಡುಬೆರಳನ್ನು ಹಿಂದಕ್ಕೆ ಬಗ್ಗಿಸಿ ಗೋಲಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ನೋಡುವ ಅಳತೆಗಳು

ಇವೆಲ್ಲ ಆಟಿಕೆ ಮಾರಲೆಂದೇ ಹುಟ್ಟಿದ ಸರಣಿಗಳು. ಶೋಗಾಕುಕಾನ್ ಪ್ರಕಾಶನದ "ಕೊರೊಕೊರೊ" ಅನ್ನುವ ಮಕ್ಕಳ ಮಾಸಿಕದಲ್ಲಿ ಚಿತ್ರಕಥೆ, ಟಿವಿಯಲ್ಲಿ ಅನಿಮೆ, ಅಂಗಡಿಯಲ್ಲಿ ಗೊಂಬೆ. ಮೂರೂ ಒಟ್ಟಿಗೆ ನಡೆಯುತ್ತವೆ. ಅದನ್ನು ಬೈದುಕೊಂಡು ಕೂತರೆ ನೋಡೋಕೆ ಏನೂ ಉಳಿಯಲ್ಲ. ಹಾಗಾಗಿ ನನ್ನ ಮೊದಲ ಅಳತೆ ಇದು: ಗೆಲುವು ಗೋಲಿಯಿಂದ ಬರುತ್ತದೆಯೋ, ಇಲ್ಲ ಅರಚಾಟದಿಂದ ಬರುತ್ತದೆಯೋ? ಹುಡುಗ ಕೋನ ನೋಡಿ, ಉಸಿರು ಹಿಡಿದು, ಯೋಚಿಸಿ ಹೊಡೆದು ಗೆದ್ದರೆ ಅದು ಗೋಲಿ ಆಟದ ಕಥೆ. ಗೋಲಿಯಿಂದ ಬೆಂಕಿಯ ಡ್ರ್ಯಾಗನ್ ಎದ್ದು, ಹೆಸರು ಕೂಗಿದ್ದಕ್ಕೇ ಗೆದ್ದರೆ ಅಲ್ಲಿ ಗೋಲಿ ಬದಲು ನಿಂಬೆಹಣ್ಣು ಇಟ್ಟಿದ್ದರೂ ನಡೀತಿತ್ತು.

ಎರಡನೆಯದು ಸಮಯ. ಇವು ವಾರಕ್ಕೊಂದರಂತೆ ವರ್ಷಪೂರ್ತಿ ನಡೆದವು, ಅಂದರೆ ಒಂದು ಸರಣಿಗೆ ಸುಮಾರು ಐವತ್ತು ಕಂತು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಇಪ್ಪತ್ತು ಚಿಲ್ಲರೆ ನಿಮಿಷ. ರಾತ್ರಿ ಊಟದ ಹೊತ್ತಿಗೆ ಒಂದು ಅಂತ ಇಟ್ಟುಕೊಂಡರೆ ಎರಡು ತಿಂಗಳು ಬೇಕು. ಮೂರನೆಯದು ಭಾಷೆ. ಕನ್ನಡದಲ್ಲಿ ಸಿಗುತ್ತದೆ ಅಂತ ಕಾಯಬೇಡಿ. ಇಂಗ್ಲಿಷ್ ಡಬ್ಬಿಂಗ್ ಇದೆಯೇ ಅನ್ನುವುದರ ಮೇಲೆ ಎಂಟು ವರ್ಷದ ಮಗು ನೋಡುತ್ತದೋ ಇಲ್ಲವೋ ನಿಂತಿದೆ. ಕೆಳಗಿನ ಸಾಲು ಓದುತ್ತಾ ಚಿತ್ರ ನೋಡುವ ತಾಳ್ಮೆ ಆ ವಯಸ್ಸಿಗೆ ಇರಲ್ಲ. ನಾಲ್ಕನೆಯದು ಜೇಬು. ನೋಡಿದ ಮೇಲೆ "ನಂಗೂ ಬೇಕು" ಅನ್ನುವ ಮಾತು ಬಂದೇ ಬರುತ್ತದೆ. ಆಗ ಅಂಗಡಿಯಲ್ಲಿ ಏನು ಸಿಗುತ್ತದೆ ಅನ್ನುವುದು ಕಥೆಗಿಂತ ಮುಖ್ಯವಾಗಿಬಿಡುತ್ತದೆ.

ಬ್ಯಾಟಲ್ ಬೀಡಾಮನ್ (2004) ಮತ್ತು ಫೈರ್ ಸ್ಪಿರಿಟ್ಸ್ (2005)

ಒಂದೇ ಒಂದನ್ನು ನೋಡುವುದಾದರೆ ಇದನ್ನು ನೋಡಿ. ಟಿವಿ ಟೋಕಿಯೋದಲ್ಲಿ 2004ರ ಜನವರಿಯಿಂದ ಬಂತು. ಮುಂದಿನ ವರ್ಷ ಫೈರ್ ಸ್ಪಿರಿಟ್ಸ್ ಅನ್ನುವ ಹೆಸರಲ್ಲಿ ಅದೇ ಹುಡುಗನ ಕಥೆ ಮುಂದುವರಿಯಿತು. ಇವೆರಡನ್ನು ಮಾತ್ರ ಕ್ರಮ ತಪ್ಪಿಸಬೇಡಿ. ಎರಡೂ ಸೇರಿ ನೂರಕ್ಕೂ ಮೇಲೆ ಕಂತು ಆಗುತ್ತವೆ. ದಿನಕ್ಕೊಂದರಂತೆ ಹೋದರೆ ಮೂರು ತಿಂಗಳ ಮೇಲೆ.

ನಾಯಕ ಯಮಾಟೊ. ಇಂಗ್ಲಿಷ್‌ನಲ್ಲಿ ಯಮಾಟೊ ಡೆಲ್ಗಾಡೊ ಅಂತ ಹೆಸರು ಬದಲಾಗಿದೆ, ಗಾಬರಿ ಬೇಡ, ಇಬ್ಬರೂ ಒಬ್ಬನೇ. ಚಿಕ್ಕಂದಿನಲ್ಲಿ ಬೆಕ್ಕುಗಳು ಸಾಕಿದ ಹುಡುಗ. ಆಮೇಲೆ ಮಿಯೆ ಎಂಬಾಕೆ ತಾಯಿಯಾಗಿ ಬೆಳೆಸುತ್ತಾಳೆ. ಕೈಗೆ ಕೋಬಾಲ್ಟ್ ಬ್ಲೇಡ್ ಎಂಬ ಬೀಡಾಮನ್ ಸಿಗುತ್ತದೆ, ಅಲ್ಲಿಂದ ಕಥೆ ಶುರು. ನಡೆಯುವುದು ನಮ್ಮ ಪ್ರಪಂಚದಲ್ಲಲ್ಲ. ಇಡೀ ಲೋಕವೇ ಗೋಲಿ ಆಟದ ಮೇಲೆ ನಿಂತಿದೆ. ಅಲ್ಲಿ ಗೋಲಿ ಹೊಡೆಯುವುದು ಓದು ಬಿಟ್ಟು ಮಾಡುವ ಕೆಲಸ ಅಲ್ಲ, ಅದೇ ಓದು. ಈ ಒಂದು ಕಾರಣಕ್ಕೆ ಮಕ್ಕಳಿಗೆ ಇದು ಸ್ವರ್ಗ.

ಗೋಲಿಯ ಅಳತೆಯಲ್ಲಿ ಇದು ಚೆನ್ನಾಗಿ ತೂಗುತ್ತದೆ. ಜೋರಾಗಿ ಹೊಡೆಯುವುದು, ಗುರಿ ಇಟ್ಟು ಹೊಡೆಯುವುದು, ಒಂದರ ಹಿಂದೊಂದು ಪಟಪಟ ಹೊಡೆಯುವುದು, ಹೀಗೆ ಬೀಡಾಮನ್‌ಗಳಲ್ಲೇ ಬೇರೆ ಬೇರೆ ಗುಣ ಇವೆ. ಜೋರು ಇದ್ದದ್ದಕ್ಕೆ ಗುರಿ ತಪ್ಪುತ್ತದೆ, ವೇಗ ಇದ್ದದ್ದಕ್ಕೆ ಪೆಟ್ಟು ಕಮ್ಮಿ. ಎದುರಾಳಿಯದು ಯಾವ ಜಾತಿ ಅಂತ ನೋಡಿ ಇವನು ದಾರಿ ಹುಡುಕಬೇಕು. ಬೆಂಕಿ, ಗಾಳಿ, ಕೂಗಾಟ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಅದರ ಕೆಳಗೆ ಲೆಕ್ಕ ಒಂದಿದೆ. ಅಕ್ಕನ ಮಗ ನೋಡುತ್ತಾ ಇದ್ದಕ್ಕಿದ್ದಂತೆ ಕೇಳಿದ: "ಮಾಮ, ಅವನು ಗೋಡೆಗೆ ಹೊಡೆದು ತಿರುಗಿಸಬಹುದಿತ್ತಲ್ವಾ?" ಕೇರಂ ಆಡುವ ಹುಡುಗ ಅವನು. ಡ್ರ್ಯಾಗನ್ ಎದ್ದು ಕೆಲಸ ಮುಗಿಸುವ ಸರಣಿ ನೋಡುವಾಗ ಇಂಥ ಪ್ರಶ್ನೆ ಬರೋಲ್ಲ.

ಜೊತೆಗಾರರೂ ಪರವಾಗಿಲ್ಲ. ಬುಲ್ ಅನ್ನುವ ಹುಡುಗ ಮಾಮೂಲಿ ಹೊತ್ತಿನಲ್ಲಿ ಅಂಜುಬುರುಕ, ಬೀಡಾಮನ್ ಹಿಡಿದ ಕೂಡಲೇ ಬೇರೆಯೇ ಆಸಾಮಿ. ಗ್ರೇ ಅನ್ನುವವನು ಕಾಣೆಯಾದ ತಂಗಿಯನ್ನು ಹುಡುಕುತ್ತಿರುತ್ತಾನೆ. ಆಟದ ಮಧ್ಯೆ ಈ ಎಳೆ ಬಂದಾಗೆಲ್ಲ ಕಥೆಗೆ ತೂಕ ಬರುತ್ತದೆ. ಎದುರು ಪಾಳಯದಲ್ಲಿ ಷ್ಯಾಡೋ ಅಲಯನ್ಸ್ ಅನ್ನುವ ಗುಂಪು, ಅದರ ಮೇಲೆ ಮಾರ್ಡಾ ಬಿ ಎಂಬ ಖಳ.

ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಶುರುವಿನ ಕೆಲವು ಕಂತು ತೀರಾ ಚಿಕ್ಕ ಮಕ್ಕಳ ತಮಾಷೆ, ದೊಡ್ಡವರು ಹಲ್ಲು ಕಚ್ಚಿ ದಾಟಬೇಕು. ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಹೆಸರಿನ ಮುಂದೆ ಹಿಂದೆ ಎಲ್ಲಾ "ಬೀಡಾ" ಸೇರಿಸುವ ಚಟ ಇದೆ, ಕಿವಿ ಚಿಟ್ಟು ಹಿಡಿಯುತ್ತದೆ. ಫೈರ್ ಸ್ಪಿರಿಟ್ಸ್‌ಗೆ ಬರುವ ಹೊತ್ತಿಗೆ ಮಾರಾಟದ ವಾಸನೆ ಜಾಸ್ತಿ. ನಾಯಕನ ಕೈಗೆ ಹೊಸ ಬೀಡಾಮನ್ ಬಂತು ಅಂದರೆ ಅಂಗಡಿಗೂ ಬಂತು ಅಂತಲೇ ಅರ್ಥ. ಸಮಯ ಕಮ್ಮಿ ಇದ್ದವರು ಮೊದಲ ವರ್ಷದ್ದು ನೋಡಿ ನಿಲ್ಲಿಸಿದರೂ ಏನೂ ಕಳೆದುಕೊಳ್ಳಲ್ಲ.

ಕ್ರಾಸ್ ಫೈಟ್ ಬೀಡಾಮನ್ (2011) ಮತ್ತು ಇಎಸ್ (2012)

ಮಗುವಿಗೆ ಆರೇಳು ವರ್ಷ ಆಗಿದ್ದರೆ, ಹಳೇ ಚಿತ್ರ ಕಂಡರೆ "ಇದು ಹಳೇದು" ಅಂತ ಮೂತಿ ತಿರುಗಿಸುವ ಜಾತಿಯಾಗಿದ್ದರೆ, ಇದು. ಚಿತ್ರ ಹೊಸದು, ಬಣ್ಣ ಜಾಸ್ತಿ, ಓಟ ಜೋರು. 2011ರ ಅಕ್ಟೋಬರ್‌ನಲ್ಲಿ ಶುರುವಾಗಿ, ಒಂದು ವರ್ಷದ ನಂತರ ಇಎಸ್ ಅನ್ನುವ ಹೆಸರಲ್ಲಿ ಮುಂದುವರಿಯಿತು. ಮೊದಲನೆಯದರಲ್ಲಿ ನಾಯಕ ರಿಕಿ ರ್ಯೂಗಾಸಾಕಿ, ಎರಡನೆಯದರಲ್ಲಿ ಕಕೆರು ಎಂಬ ಇನ್ನೊಬ್ಬ ಹುಡುಗ ಮುಂದೆ ಬರುತ್ತಾನೆ. ಮೊದಲನೆಯದಕ್ಕೆ ಇಂಗ್ಲಿಷ್ ಡಬ್ಬಿಂಗ್ ಇದೆ.

ಇಲ್ಲಿ ಬೀಡಾಮನ್‌ಗಳು ಮಾತಾಡುತ್ತವೆ. ರಿಕಿಯ ಜೊತೆಗಾರ ಡ್ರ್ಯಾಗನ್ ರೂಪದ್ದು. ಇಬ್ಬರೂ ಜಗಳ ಆಡುತ್ತಾರೆ, ರಾಜಿ ಆಗುತ್ತಾರೆ. ಚಿಕ್ಕ ಮಕ್ಕಳಿಗೆ ಇದೇ ಇಷ್ಟ. ಆಟಿಕೆಗೆ ಜೀವ ಬಂದರೆ ಅವರಿಗೆ ಇನ್ನೇನು ಬೇಕು? ಆದರೆ ನನ್ನ ಗೋಲಿ ಅಳತೆಯಲ್ಲಿ ಅಂಕ ಹೋಗುವುದೂ ಇದರಿಂದಲೇ. ಹುಡುಗನ ಬೆರಳಿಗಿಂತ ಬೀಡಾಮನ್‌ನ ಮನಸ್ಸು ದೊಡ್ಡದಾಗಿಬಿಡುತ್ತದೆ. ಸೋತದ್ದು ಏಕೆ ಅಂದರೆ ನಂಬಿಕೆ ಸಾಲದು, ಗೆದ್ದದ್ದು ಏಕೆ ಅಂದರೆ ನಂಬಿಕೆ ಬಂತು. ಎರಡು ಕಂತಿಗೆ ಸರಿ. ಇಪ್ಪತ್ತು ಕಂತಿಗೆ ಅದೇ ಆದರೆ ದೊಡ್ಡವರು ಫೋನ್ ನೋಡಲು ಶುರು ಮಾಡುತ್ತಾರೆ. ಇದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಸಮುರು ಶಿಗಾಮಿ ಅನ್ನುವ ಎದುರಾಳಿ. ಕಮ್ಮಿ ಮಾತು, ನೆಟ್ಟ ದೃಷ್ಟಿ. ರಿಕಿ ಹತ್ತು ಸಲ ಕೂಗುವುದನ್ನು ಅವನು ಒಂದು ನೋಟದಲ್ಲಿ ಮುಗಿಸುತ್ತಾನೆ.

ಕ್ರ್ಯಾಶ್ ಬೀಡಾಮನ್ (2006), ಬಾಕುಗಾಯ್‌ದೆನ್ (1998)

ಇವೆರಡನ್ನು ಬೇಗ ಮುಗಿಸುತ್ತೇನೆ. ಕ್ರ್ಯಾಶ್ ಬಂದದ್ದು ಟಕಾರಾ ಮತ್ತು ಟೋಮಿ ಕಂಪನಿಗಳು ಒಂದಾದ ವರ್ಷ. ಹಿತ್ತೊ ಅನ್ನುವ ಹುಡುಗ, ಕ್ಯೊಸುಕೆ ಅನ್ನುವ ಜೊತೆಗಾರ. ಕೆಟ್ಟದ್ದೇನಲ್ಲ. ಬ್ಯಾಟಲ್ ನೋಡಿ ಹೊಟ್ಟೆ ತುಂಬದವರಿಗೆ ಒಂದು ತುತ್ತು ಮೊಸರನ್ನ. ಜಪಾನಿ ಮಾತು ಕೇಳುತ್ತಾ ಕೆಳಗೆ ಓದುವ ಅಭ್ಯಾಸ ಇದ್ದವರು ಮಾತ್ರ ಇದಕ್ಕೆ ಕೈ ಹಾಕಿ.

ಬಾಕುಗಾಯ್‌ದೆನ್ ಇನ್ನೂ ಹಳೆಯದು. ಬಾಂಬರ್‌ಮನ್ ನಂಟು ಕಳಚುವ ಮುಂಚಿನ ಕಾಲದ್ದು. ಇಲ್ಲಿ ಗೊಂಬೆ ಹಿಡಿದು ಆಡುವ ಹುಡುಗನೇ ಇಲ್ಲ, ಗೊಂಬೆಗಳೇ ಪಾತ್ರಗಳು. ಶಿರೊಬೊನ್ ಎಂಬ ಬಿಳಿ ಬಾಂಬರ್‌ಮನ್ ನಾಯಕ. ಆದ್ದರಿಂದ "ಗೋಲಿ ಪಂದ್ಯ" ಹುಡುಕಿಕೊಂಡು ಬಂದವರಿಗೆ ನಿರಾಸೆ. ಬಾಂಬರ್‌ಮನ್ ಗೇಮ್ ಆಡಿ ಬೆಳೆದವರಿಗೆ, ಹಳೇ ಚಿತ್ರದ ರುಚಿ ಇದ್ದವರಿಗೆ, ಹುಡುಕಾಟವೇ ಖುಷಿ ಅನ್ನುವವರಿಗೆ ಸರಿ. ಮಕ್ಕಳ ಮುಂದೆ ಹಾಕಿ "ನೋಡಿ" ಅಂದರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ, ನಾನು ಮಾಡಿ ನೋಡಿದ್ದೇನೆ.

ಪಕ್ಕದ ಮನೆಯವರು: ಬಾಕುಗಾನ್ ಮತ್ತು ಬೇಬ್ಲೇಡ್

ಗೋಲಿಯಂಥ ಗುಂಡು ಬೇಕು, ಆದರೆ ಕಥೆ ಗಟ್ಟಿ ಇರಬೇಕು ಅನ್ನುವವರಿಗೆ ಬಾಕುಗಾನ್. 2007ರದ್ದು. ಜಪಾನಿನ ಸೆಗಾ ಟಾಯ್ಸ್ ಮತ್ತು ಕೆನಡಾದ ಸ್ಪಿನ್ ಮಾಸ್ಟರ್ ಸೇರಿ ಮಾಡಿದ ಆಟಿಕೆ. ಗುಂಡನ್ನು ಹಾರಿಸುವುದಿಲ್ಲ, ಉರುಳಿಸುತ್ತಾರೆ. ಒಳಗೆ ಅಯಸ್ಕಾಂತ ಇದೆ. ಲೋಹ ಇರುವ ಕಾರ್ಡಿನ ಮೇಲೆ ಬಂದ ಕೂಡಲೇ ಟಪ್ ಅಂತ ಬಿಚ್ಚಿ ಪ್ರಾಣಿಯಾಗುತ್ತದೆ. ಆ ಟಪ್ ಸದ್ದಿಗೆ ಮನಸೋಲದ ಮಗುವನ್ನು ನಾನು ನೋಡಿಲ್ಲ. ಡ್ಯಾನ್ ಎಂಬ ಹುಡುಗ, ಡ್ರಾಗೊ ಎಂಬ ಅವನ ಬಾಕುಗಾನ್, ಮುಖವಾಡ ಹಾಕಿದ ಮಾಸ್ಕರೇಡ್ ಎಂಬ ಎದುರಾಳಿ. ಮಾಸ್ಕರೇಡ್ ಕೈಲಿ ಸೋತ ಬಾಕುಗಾನ್ ಮರಳಿ ಬರದ ಲೋಕಕ್ಕೆ ಹೋಗುತ್ತದೆ, ಹಾಗಾಗಿ ಸೋಲಿಗೆ ಬೆಲೆ ಇದೆ. ಮುಖವಾಡದ ಹಿಂದೆ ಯಾರು ಅಂತ ಹೇಳಲ್ಲ, ಯಾರಾದರೂ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ. ಗೋಲಿ ಅಳತೆಯಲ್ಲಿ ಮಾತ್ರ ಇದು ಸೋಲುತ್ತದೆ. ಉರುಳಿಸಿದ ಮೇಲೆ ಎಲ್ಲ ಕಾರ್ಡಿನ ಲೆಕ್ಕ. ಕೂಡುವುದು ಕಳೆಯುವುದು ಇಷ್ಟಪಡುವ ಹತ್ತು ವರ್ಷದವರಿಗೆ ಅದೇ ಸೊಗಸು, ಬೆರಳ ಚಳಕ ನೋಡಲು ಬಂದವರಿಗೆ ಸಪ್ಪೆ.

ಬೇಬ್ಲೇಡ್ ಗೊತ್ತೇ ಇದೆ. 2001ರಲ್ಲಿ ಶುರುವಾದದ್ದು. ನಮ್ಮಲ್ಲಿ ಕಾರ್ಟೂನ್ ನೆಟ್‌ವರ್ಕ್ ನೋಡಿ ಬೆಳೆದ ತಲೆಮಾರಿಗೆ ಟೈಸನ್, ಕಾಯ್ ಹೆಸರು ಬಾಯಿಪಾಠ. ಅದರ ಮೂಲ ಜಪಾನಿನ ಬೇಗೊಮಾ, ದಾರ ಸುತ್ತಿ ಬಿಡುವ ಪುಟ್ಟ ಲೋಹದ ಬುಗುರಿ. ಅಂದರೆ ಟಕಾರಾ ಕಂಪನಿಯೇ ಬುಗುರಿಯನ್ನೂ ಗೋಲಿಯನ್ನೂ ಹೊಸದು ಮಾಡಿ ಮಾರಿದೆ. ಬೇಬ್ಲೇಡ್ ಇಲ್ಲಿ ತರುವುದು ಒಂದೇ ಕಾರಣಕ್ಕೆ: ಆಟಿಕೆ ಸಿಗುತ್ತದೆ. ಜಾತ್ರೆಯ ಬೀದಿಯಲ್ಲೂ ನಕಲು ಬೇಬ್ಲೇಡ್ ರಾಶಿ ಹಾಕಿರುತ್ತಾರೆ.

ಜೇಬಿನ ಮಾತು

ಬೀಡಾಮನ್ ಗೊಂಬೆ ಹಾಗೆ ಸಿಗಲ್ಲ. ಕ್ರಾಸ್ ಫೈಟ್ ಕಾಲದ ನಂತರ ಹೊಸ ಮಾಲು ನಿಂತಿತು. ಈಗ ಕೊಳ್ಳುವುದೆಂದರೆ ಹೊರದೇಶದಿಂದ ಹಳೆಯದನ್ನು ತರಿಸಬೇಕು. ಸಾಗಣೆ, ಸುಂಕ ಎಲ್ಲ ಸೇರಿ ಗೊಂಬೆಯ ಬೆಲೆಯನ್ನೇ ದಾಟುತ್ತವೆ. ನಾನು ಒಮ್ಮೆ ತರಿಸಿದೆ. ಫೋಟೋದಲ್ಲಿ ಹೊಸದರಂತೆ ಇತ್ತು. ಡಬ್ಬ ಬಿಚ್ಚಿ ಗೋಲಿ ಹಾಕಿದರೆ, ಹೊಟ್ಟೆಯೊಳಗಿನ ಎರಡು ಬೆರಳಲ್ಲಿ ಒಂದು ಸೀಳಿತ್ತು. ಗುಂಡಿ ಒತ್ತುವ ಮೊದಲೇ ಗೋಲಿ ಜೊಲ್ಲು ಸುರಿದಂತೆ ಕೆಳಗೆ ಬಿತ್ತು. ಮಾರಿದವನು "ಪ್ರದರ್ಶನಕ್ಕೆ ಮಾತ್ರ ಅಂತ ಬರೆದಿದ್ದೆ" ಅಂದ. ನಿಜ, ತೀರಾ ಕೆಳಗೆ ಬರೆದಿದ್ದ. ಹಳೆಯದು ಕೊಳ್ಳುವವರು ಗೋಲಿ ಹಾರಿಸುವ ವಿಡಿಯೋ ಕೇಳಿ ಪಡೆಯಿರಿ. ಫೋಟೋ ಸಾಲದು.

ದುಡ್ಡು ಸ್ವಲ್ಪ ಖರ್ಚು ಮಾಡಬಹುದು, ಹೊಸದೇ ಬೇಕು ಅನ್ನುವವರು ಬಾಟಲ್‌ಮನ್ ಸಿಗುತ್ತದೆಯೇ ನೋಡಿ. ಟಕಾರಾ ಟೋಮಿಯೇ 2020ರಲ್ಲಿ ತಂದದ್ದು. ಗೋಲಿ ಬದಲು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಹಾರಿಸುತ್ತದೆ. ಗೊಂಬೆ ತರಿಸಿದರೆ ಸಾಕು, ಮದ್ದುಗುಂಡು ಮನೆಯ ಕಸದ ಬುಟ್ಟಿಯಲ್ಲೇ ಇರುತ್ತದೆ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಗೋಲಿಯೂ ಬೇಡ, ಮುಚ್ಚಳವೂ ಬೇಡ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು.

ಹಾಗಾದರೆ ಯಾರಿಗೆ ಯಾವುದು? ಎಂಟರಿಂದ ಹನ್ನೆರಡರ ಮಗು, ನೀವೂ ಜೊತೆಗೆ ಕೂರುತ್ತೀರಿ ಅಂದರೆ ಬ್ಯಾಟಲ್, ಅದೂ ಮೊದಲ ವರ್ಷದ್ದು. ಮಗು ಅದಕ್ಕಿಂತ ಚಿಕ್ಕದು, ನೀವು ಅಡುಗೆಮನೆಯಲ್ಲಿ ಇರುತ್ತೀರಿ ಅಂದರೆ ಕ್ರಾಸ್ ಫೈಟ್. ಆಟಿಕೆ ಕೊಡಿಸದೆ ಬಿಡಲ್ಲ ಅನ್ನುವ ಹಟಮಾರಿಯಾದರೆ ಬೇಬ್ಲೇಡ್‌ನಲ್ಲೇ ಇರಲಿ, ಬೀಡಾಮನ್ ಹೆಸರನ್ನೇ ಎತ್ತಬೇಡಿ. ಒಬ್ಬರೇ ರಾತ್ರಿ ಕೂತು ನೋಡುವವರು ಬಾಕುಗಾನ್ ಮೊದಲ ಸರಣಿ ಹಿಡಿಯಬಹುದು. ಯಾವುದಾದರೂ ಆಗಲಿ, ಐದು ಕಂತು ನೋಡುವ ತನಕ ತೀರ್ಮಾನ ಮಾಡಬೇಡಿ. ಇವುಗಳ ಮೊದಲ ಕಂತು ಯಾವತ್ತೂ ಜಾಹೀರಾತೇ.

ಸೀಳಿದ ಆ ಗೊಂಬೆ ಈಗ ಅಕ್ಕನ ಮಗನ ಮೇಜಿನ ಮೇಲಿದೆ. ಅವನು ಅದಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಏನೋ ಮಾಡಿದ್ದಾನೆ. ಗೋಲಿ ಒಂದು ಗೇಣು ದೂರ ಹೋಗುತ್ತದೆ, ಅದೂ ಎಡಕ್ಕೆ. ಅವನಜ್ಜಿ ಮೊನ್ನೆ ಕಾಲುಚಾಚಿ ಕೂತು, ನೆಲಕ್ಕೆ ಹೆಬ್ಬೆರಳೂರಿ, ನಡುಬೆರಳು ಬಗ್ಗಿಸಿ ಅದೇ ಗೋಲಿಯನ್ನು ಹೊಡೆದರು. ಅದು ಸೋಫಾ ದಾಟಿ, ಟಿವಿ ಮೇಜಿನ ಕಾಲಿಗೆ ಟಣ್ ಅಂತ ಬಡಿಯಿತು. ಆಮೇಲಿಂದ ಅವನು ಅಜ್ಜಿಯನ್ನು ಬಿಡುತ್ತಿಲ್ಲ.